ಸಾವಿನ ಬಾಗಿಲಿನ ಊರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಡೋರ್ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಬಂದಿದ್ದೇವೆ. ಒಂದು ಕಡೆ ಮಿಷಿಗನ್ ಸರೋವರ, ಇನ್ನೊಂದು ಕಡೆ ಗ್ರೀನ್ ಬೇ ಕೊಲ್ಲಿ, ನಡುವೆ ಬೆರಳಿನ ಹಾಗೆ ಚಾಚಿದ ನೆಲ. ತುದಿಯ ಜಲಸಂಧಿಗೆ ಫ್ರೆಂಚರು ಇಟ್ಟ ಹೆಸರು 'ಸಾವಿನ ಬಾಗಿಲು'. ಎಷ್ಟೋ ಹಡಗುಗಳು ಅಲ್ಲಿ ಒಡೆದು ಮುಳುಗಿವೆ. 1851ರಲ್ಲಿ ಕೌಂಟಿ ಆದಾಗ ಆ ಬಾಗಿಲೇ ಹೆಸರಾಗಿ ಉಳಿಯಿತು.

ನಯಾಗರಾ ಧುಮ್ಮಿಕ್ಕುವ ಕಲ್ಲಿನ ಅಂಚು ಇಲ್ಲಿಯವರೆಗೂ ಹಬ್ಬಿದೆ. ಮೇಲೆ ತೆಳು ಮಣ್ಣು. ಆದರೆ ಚೆರ್ರಿಗೆ ಇದೇ ಒಗ್ಗಿದೆ. ತಣ್ಣಗಿರುವ ಸರೋವರ ವಸಂತದಲ್ಲಿ ಮೊಗ್ಗು ಬೇಗ ಬಿರಿಯಲು ಬಿಡುವುದಿಲ್ಲ, ಹಾಗಾಗಿ ಕೊನೆಯ ಹಿಮಕ್ಕೆ ಹೂ ಕರಟುವುದು ಕಡಿಮೆ. ಈಗ ತೋಟಗಳೆಲ್ಲ ಬೆಳ್ಳಗೆ!

ದಾರಿಯಲ್ಲಿ ವಿಲಿಯಮ್ಸನ್‌ವಿಲ್ ಎಂಬ ಊರಿದ್ದ ಜಾಗ ಸಿಕ್ಕಿತು. 1871ರ ಅಕ್ಟೋಬರ್ 8ರ ರಾತ್ರಿ, ಷಿಕಾಗೊ ಹೊತ್ತಿಕೊಂಡ ಅದೇ ರಾತ್ರಿ, ಕಾಡ್ಗಿಚ್ಚು ಈ ಊರನ್ನೂ ನುಂಗಿತು. ಊರಿನವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಷಿಕಾಗೊ ಬೆಂಕಿಯ ಕಥೆ ಲೋಕಕ್ಕೆಲ್ಲ ಗೊತ್ತು. ಮರದ ಮಿಲ್ಲನ್ನೇ ನಂಬಿ ಬದುಕಿದ್ದ ಈ ಜನರನ್ನು ಯಾರು ನೆನೆಯುತ್ತಾರೆ? ಮನಸ್ಸು ಭಾರವಾಯಿತು. ಮಗಳು ಫಲಕ ಓದಿ ಸುಮ್ಮನಾದಳು. ಅಲ್ಲೇ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತೆವು.