ಕಟ್ಟೆ ಲಾಗರ್ 6: ಡಾಲರ್ ಹೋಗಿ ಹ್ಯಾಶ್ ಬಂತು

ಹೊಸಬರಿಗೆ ಎರಡೇ ಮಾತು. ಮೈಸೂರಿನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಒಂದು ಡಾಕರ್ ಕಂಟೇನರ್ (ಪ್ರೋಗ್ರಾಂ ಒಂದನ್ನು ಉಳಿದವುಗಳಿಂದ ಬೇರೆಯಾಗಿ ಓಡಿಸುವ ಡಬ್ಬಿ) ಓಡಿಸುತ್ತಿದ್ದೇನೆ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನಾ ಬರೆದಿಟ್ಟು ಗ್ರಾಫ್ ಬಿಡಿಸುವುದು ಅದರ ಕೆಲಸ. ಮಂಡ್ಯದ ಕಡೆ ಗದ್ದೆ ಮಾಡುವ ನಮ್ಮ ಮಾವನಿಗೆ ಕಟ್ಟೆ ತುಂಬುವ 124.80 ಅಡಿಗೆ ಇನ್ನೆಷ್ಟು ಬಾಕಿ ಅನ್ನುವುದೇ ಮಳೆಗಾಲದ ದೊಡ್ಡ ಸುದ್ದಿ.

ಈ ವಾರ ಗ್ರಾಫಿನ ಬಣ್ಣ ಬದಲಿಸೋಣ ಅಂತ ಕೂತವನು ಬೇರೇನೋ ನೋಡಿಬಿಟ್ಟೆ. ಕಂಟೇನರ್ ಒಳಗೆ ಇಟಿಸಿ ಫೋಲ್ಡರಿನ ಪಾಸ್‌ವರ್ಡ್ ಫೈಲಿಗೆ 664 ಪರ್ಮಿಷನ್ ಇದೆ: ಮೂರು ಅಂಕಿ ಅಂದರೆ ಕ್ರಮವಾಗಿ ಒಡೆಯ, ಗ್ರೂಪ್, ಉಳಿದವರ ಹಕ್ಕು; 4 ಓದಲು, 6 ಓದಿ ಬರೆಯಲು. (ಹೆಸರಿಗೆ ಪಾಸ್‌ವರ್ಡ್, ಒಳಗಿರುವುದು ಯೂಸರ್‌ಗಳ ಪಟ್ಟಿ.) ಇರಬೇಕಾದದ್ದು 644. ನಡುವೆ 6 ಇದ್ದರೆ ಗ್ರೂಪಿನವರೂ ಅದಕ್ಕೆ ಬರೆಯಬಹುದು. ಆ ಗ್ರೂಪ್ ಯಾವುದು ಅಂತ ನೋಡಿದರೆ 0, ಅಂದರೆ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಗ್ರೂಪ್. ನನ್ನ ಆ್ಯಪ್ ಓಡುತ್ತಿದ್ದದ್ದು ಯುಐಡಿ (ಯೂಸರ್ ನಂಬರ್) 1000, ಗ್ರೂಪ್ 0 ಅಂತ! ರೂಟ್ ಆಗಿ ಓಡಿಸುತ್ತಿಲ್ಲವಲ್ಲ ಅಂತ ಇಷ್ಟು ದಿನ ಸುಮ್ನೆ ಬೀಗುತ್ತಿದ್ದೆ.

ಎಲ್ಲಿಂದಲೋ ಎತ್ತಿಕೊಂಡ ಡಾಕರ್‌ಫೈಲಿನ (ಕಂಟೇನರ್ ಕಟ್ಟುವ ಸೂಚನೆಗಳ ಫೈಲ್) ಒಂದು ಸಾಲಿನ ಕೆಲಸ ಇದು. ಕಂಟೇನರ್‌ಗಳನ್ನು ಓಡಿಸುವ ಓಪನ್‌ಶಿಫ್ಟ್‌ನಂಥ ವ್ಯವಸ್ಥೆಯಲ್ಲಿ ಕಂಟೇನರಿಗೆ ಯಾವುದೋ ದೊಡ್ಡ ಯುಐಡಿ ಸಿಗುತ್ತದೆ, ಗ್ರೂಪ್ ಮಾತ್ರ 0. ಆ ನಂಬರಿಗೆ ಹೆಸರಿಲ್ಲದಿದ್ದರೆ ಕೆಲವು ಪ್ರೋಗ್ರಾಂಗಳು ತಕರಾರು ತೆಗೆಯುತ್ತವೆ. ಸ್ಟಾರ್ಟ್ ಆಗುವಾಗ ಹೆಸರು ಸೇರಿಸಿಕೊಳ್ಳಲಿ ಅಂತ ಪಾಸ್‌ವರ್ಡ್ ಫೈಲನ್ನೇ ಗ್ರೂಪಿಗೆ ಬರೆಯಲು ತೆರೆದಿಡುವುದು ಹಳೇ ರೂಢಿ. ನನಗೆ ಅದು ಬೇಕಾಗಿಯೇ ಇರಲಿಲ್ಲ.

ನಿಜಕ್ಕೂ ಅಪಾಯ ಇದೆಯಾ ಅಂತ ನಾನೇ ಕಳ್ಳನಾಗಿ ನೋಡಿದೆ. ಫೈಲಿನ ಕೊನೆಗೆ ಒಂದು ಸಾಲು ಸೇರಿಸಿದೆ: ಹೆಸರು 'ಕಳ್ಳ', ಯುಐಡಿ 0, ನನಗೆ ಗೊತ್ತಿರುವ ಪಾಸ್‌ವರ್ಡಿನ ಹ್ಯಾಶ್ (ಗುಟ್ಟು ಮಾಡಿದ ರೂಪ). ಆಮೇಲೆ ಬೇರೆ ಯೂಸರ್ ಆಗಿ ಬದಲಾಗುವ ಎಸ್‌ಯು ಕಮಾಂಡ್ ಹೊಡೆದೆ. ಪ್ರಾಂಪ್ಟಿನ ಡಾಲರ್ ಚಿಹ್ನೆ ಹೋಗಿ ಹ್ಯಾಶ್ ಚಿಹ್ನೆ (#) ಬಂತು, ಅಂದರೆ ನಾನೀಗ ರೂಟ್. ಒಂದು ನಿಮಿಷವೂ ಹಿಡಿಯಲಿಲ್ಲ.

ಕಂಟೇನರ್ ಒಳಗಿನ ರೂಟ್ ತಾನೇ, ಹೊರಗೇನು ಮಾಡೀತು ಅನ್ನಬಹುದು. ಸೋಮಾರಿತನಕ್ಕೆ ನಾನು ಇಡೀ ಹೋಮ್ ಫೋಲ್ಡರನ್ನೇ ಒಳಗೆ ಮೌಂಟ್ ಮಾಡಿದ್ದೆ (ಒಳಗಿನಿಂದಲೂ ಸಿಗುವಂತೆ ಜೋಡಿಸಿದ್ದೆ), ಮನೆಯವರ ಫೋಟೋ ಸಮೇತ. ಒಳಗಿನಿಂದ ಅಲ್ಲೊಂದು ಖಾಲಿ ಫೈಲ್ ಮಾಡಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅದರ ಒಡೆಯ ರೂಟ್. ಯೂಸರ್ ನೇಮ್‌ಸ್ಪೇಸ್ (ಒಳಗಿನ ಯೂಸರ್ ನಂಬರ್‌ಗಳನ್ನು ಹೊರಗಿನ ಬೇರೆ ನಂಬರ್‌ಗಳಿಗೆ ಹೊಂದಿಸುವ ವ್ಯವಸ್ಥೆ) ಬೇರೆ ಮಾಡದಿದ್ದರೆ ಒಳಗಿನ 0, ಹೊರಗಿನ 0 ಎರಡೂ ಒಂದೇ.

ಮೊದಲು 664 ಅನ್ನು ಹಾಗೇ ಬಿಟ್ಟು 'ನೋ ನ್ಯೂ ಪ್ರಿವಿಲೆಜಸ್' (ಓಡುವಾಗ ಹೊಸ ಅಧಿಕಾರ ಸಿಗದಂತೆ ತಡೆಯುವ) ಆಯ್ಕೆ ಮಾತ್ರ ಹಾಕಿ ನೋಡಿದೆ. ಎಸ್‌ಯು ಕೆಲಸ ಮಾಡುವುದು ಸೆಟ್‌ಯುಐಡಿ ಬಿಟ್ ಬಲದಿಂದ, ಅಂದರೆ ಯಾರು ಓಡಿಸಿದರೂ ಫೈಲಿನ ಒಡೆಯನ ಅಧಿಕಾರ ಕೊಡುವ ಗುರುತಿನಿಂದ. ಆ ಬಲ ಹೋಯಿತು, ಡಾಲರ್ ಡಾಲರ್ ಆಗಿಯೇ ಉಳಿಯಿತು. ಖುಷಿಯಾಯಿತು. ಆಮೇಲೆ ಡಾಕರ್‌ಫೈಲಿನ ಆ ಸಾಲು ಕಿತ್ತೆ, ಗ್ರೂಪನ್ನೂ 1000 ಮಾಡಿದೆ, ಮೌಂಟ್ ಮಾಡಲು ಬರೀ ಒಂದು ಹೊಸ ಫೋಲ್ಡರ್ ಕೊಟ್ಟೆ.

ಲಾಗರ್ ನಿಂತೇಹೋಯಿತು. ಫೋಲ್ಡರ್ ಇಲ್ಲದಿದ್ದರೆ ಡಾಕರೇ ಅದನ್ನು ರೂಟ್ ಹೆಸರಲ್ಲಿ ಮಾಡಿಬಿಡುತ್ತದೆ, 1000 ನಂಬರಿನ ಯೂಸರ್‌ಗೆ ಅಲ್ಲಿ ಬರೆಯಲಾಗದು ಅನ್ನುವುದು ಮರೆತಿದ್ದೆ. ಕೈ 777 (ಎಲ್ಲರಿಗೂ ಎಲ್ಲ ಹಕ್ಕು) ಕಡೆಗೇ ಹೋಯಿತು, ತಡೆದುಕೊಂಡು ಒಡೆತನ 1000ಕ್ಕೆ ಬದಲಿಸಿದೆ. ಅಷ್ಟರಲ್ಲಿ ಗ್ರಾಫಿನಲ್ಲಿ ಎರಡು ದಿನ ಖಾಲಿ. ಮಾವನ ಫೋನೂ ಬಂತು: "ಏನಪ್ಪಾ, ಕಟ್ಟೆ ಲೆಕ್ಕಾನೇ ಇಲ್ವಲ್ಲ?"

ಬಣ್ಣ ಇನ್ನೂ ಬದಲಾಗಿಲ್ಲ.