ಪರ್ಸು, ಅಜ್ಜಿ ಮತ್ತು ಹೀರೋ

ನಿನ್ನೆ ರಾತ್ರಿ ಒಂದು ಗಂಟೆವರೆಗೂ ಥ್ರಿಲ್ಲರ್ ನೋಡಿದೆ. ಪೊಲೀಸರು ಕೈಚೆಲ್ಲಿದ ಕೇಸು, ದಿಕ್ಕಿಲ್ಲದ ಹುಡುಗಿ, ಮೂಲೆಯಲ್ಲಿ ಸುಮ್ನೆ ಟೀ ಕುಡಿಯುತ್ತಾ ಕೂತ ಹೀರೋ. ಮುಂದಿನದ್ದು ಗೊತ್ತೇ ಇದೆಯಲ್ಲ! 1939ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್‌ಗೆ ಬಂದಾಗಿನಿಂದಲೂ ಹೆಚ್ಚುಕಮ್ಮಿ ಇದೇ ಕಥೆ. ಆದರೂ ರೆಪ್ಪೆ ಮಿಟುಕಿಸದೆ ನೋಡುತ್ತೇನೆ.

ಇವತ್ತು ಬೆಳಗ್ಗೆ ದಾವಣಗೆರೆಯಲ್ಲಿ ಹರಿಹರದ ಬಸ್ ಹತ್ತುವಾಗ ನನ್ನ ಜೇಬಿಗೆ ಯಾರದೋ ಎರಡು ಬೆರಳು ಇಳಿದಿದ್ದವು. ನನಗೆ ಗೊತ್ತೇ ಆಗಲಿಲ್ಲ. ಹಿಂದಿದ್ದ ಅಜ್ಜಿ ಆ ಕೈ ಗಪ್ಪಂತ ಹಿಡಿದು, "ಯಾಕೋ ತಮ್ಮಾ, ದುಡಿದು ತಿನ್ನಾಕೆ ಏನಾಗೈತಿ ನಿನಗೆ?" ಅಂದರು. ಅಷ್ಟೇ. ಹುಡುಗ ಕೈ ಕಿತ್ತುಕೊಂಡು ಓಡಿದ. ಅಜ್ಜಿಯ ಕಂಕುಳಲ್ಲಿ ಮಂಡಕ್ಕಿ ಚೀಲ ಹಾಗೇ ಇತ್ತು, ಒಂದು ಕಾಳೂ ಚೆಲ್ಲಿರಲಿಲ್ಲ. ಯಾರೋ "ದುರ್ಗದ ಓಬವ್ವ ಬಂದ್ಲು ನೋಡ್ರಿ" ಅಂತ ನಕ್ಕರು.

ತೆರೆಯ ಹೀರೋ ಆಗಿದ್ದರೆ ಆ ಬೆರಳು ಮುರಿಯುತ್ತಿದ್ದ, ನಾನು ಸೀಟಿ ಹೊಡೆಯುತ್ತಿದ್ದೆ. ಆದರೆ ಓಡಿದ ಹುಡುಗನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಸಿನಿಮಾದಲ್ಲಿ ಕಳ್ಳನ ಮುಖ ಇಷ್ಟು ಹತ್ತಿರದಿಂದ ತೋರಿಸುವುದಿಲ್ಲ ಅಲ್ವಾ?

ಹರಿಹರ ಬರುವವರೆಗೂ ಅಜ್ಜಿ ಬೈದಿದ್ದು ಮಾತ್ರ ನನಗೇ, ಪರ್ಸು ಹಿಂದಿನ ಜೇಬಿನಲ್ಲಿ ಇಟ್ಟಿದ್ದಕ್ಕೆ.