ಹಳೆಯ ಕಾರಿನಲ್ಲಿ ಚಾಲಕನ ಕಾಲಿಗೆ ಜಾಗ: ನಮ್ಮ ಗ್ಯಾರೇಜಿನ ಅನುಭವ

ಗೋಣಿಕೊಪ್ಪಲಿನ ನಮ್ಮ ಗ್ಯಾರೇಜಿಗೆ ಬರುವ ಹಳೆಯ ಕಾರುಗಳಲ್ಲಿ ಹೆಚ್ಚಿನವು ಕಾಫಿ ತೋಟದ ಮನೆಗಳ ಶೆಡ್ಡಿನಿಂದ ಹೊರಬಂದವು. ಅಪ್ಪನೋ ಅಜ್ಜನೋ ಕೊಂಡಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಫಿಯೆಟ್ 1100 ಅಥವಾ ಅಂಬಾಸಿಡರನ್ನು ಮತ್ತೆ ರಸ್ತೆಗಿಳಿಸಬೇಕೆಂದು ಬರುವವರು ಎಂಜಿನ್ ಮತ್ತು ಬ್ರೇಕಿನ ಕೆಲಸ ಮುಗಿದ ಮೇಲೆ ಹೇಳುವ ಮೊದಲ ದೂರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ಕ್ಲಚ್ ತುಳಿಯಲು ಕಾಲೆತ್ತಿದರೆ ತೊಡೆ ಸ್ಟಿಯರಿಂಗಿಗೆ ತಾಗುತ್ತದೆ, ಬ್ರೇಕಿನಿಂದ ಆಕ್ಸಿಲರೇಟರಿಗೆ ಪಾದ ಸರಿಸುವಾಗ ಮೊಣಕಾಲು ಡ್ಯಾಶ್‌ಬೋರ್ಡಿನ ಅಂಚಿಗೆ ಬಡಿಯುತ್ತದೆ. ಆರಡಿ ಎತ್ತರದವರು ನಮ್ಮ ಜಿಲ್ಲೆಯಲ್ಲಿ ಅಪರೂಪವೇನಲ್ಲ. "ಸೀಟನ್ನು ಇನ್ನೂ ಹಿಂದಕ್ಕೆ ಹಾಕಿಕೊಡಿ" ಎಂಬ ಅವರ ಬೇಡಿಕೆಯನ್ನು ನಾನು ಕೇಳಿಸಿಕೊಳ್ಳುತ್ತೇನೆ, ಆದರೆ ಡ್ರಿಲ್ ಯಂತ್ರವನ್ನು ಕೈಗೆತ್ತಿಕೊಳ್ಳುವುದಿಲ್ಲ. ಕಾರ್ಖಾನೆಯಿಂದ ಬಂದಾಗ ಆ ಕಾರಿನಲ್ಲಿದ್ದ ಜಾಗ ಎಲ್ಲಿ ಹೋಯಿತೆಂದು ನೋಡುವುದು ನನ್ನ ಮೊದಲ ಕೆಲಸ.

ಕಳೆದ ವರ್ಷ ಬಂದಿದ್ದ ಎರಡು ಬಾಗಿಲಿನ ಹೆರಾಲ್ಡನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ನಮ್ಮ ದೇಶದಲ್ಲಿ ತಯಾರಿಸಿತು. ಇಟಲಿಯ ಮಿಕೆಲೋಟಿ ವಿನ್ಯಾಸ ಮಾಡಿದ ಕಾರು ಅದು, ಮುಂಭಾಗವಿಡೀ ಬಾನೆಟ್ಟಿನೊಂದಿಗೆ ಮುಂದಕ್ಕೆ ಮಗುಚಿಕೊಳ್ಳುವುದರಿಂದ ನಮ್ಮಂಥ ಮೆಕ್ಯಾನಿಕ್‌ಗಳಿಗೆ ಅದರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಸಣ್ಣ ಕಾರು ನಿಜ, ಆದರೆ ಅದರ ಮಾಲೀಕರು ಹೇಳುತ್ತಿದ್ದಷ್ಟು ಇಕ್ಕಟ್ಟಾಗಿರಲು ಕಾರಣವಿರಲಿಲ್ಲ. ಚಾಲಕನ ಸೀಟನ್ನು ಹೊರಗೆ ತೆಗೆದು ಬೆನ್ನಿನ ಭಾಗದ ರೆಕ್ಸಿನ್ ಬಿಚ್ಚಿದಾಗ ಒಳಗೆ ಮೂರು ಪದರಗಳು ಕಂಡವು. ಮೊದಲನೆಯದು ಪುಡಿಪುಡಿಯಾಗಿದ್ದ ಹಳೆಯ ಮೆತ್ತೆ, ಅದರ ಮೇಲೆ ಹಳದಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದ ಫೋಮ್, ಅದರ ಮೇಲೆ ಇನ್ನೊಂದು ಹೊಸ ಫೋಮ್. ಸೀಟು ಹೊಲಿಸಿದಾಗಲೆಲ್ಲ ಹಳೆಯದನ್ನು ತೆಗೆಯದೆ ಮೇಲೆ ಹೊಸದನ್ನು ಅಂಟಿಸುತ್ತಾ ಬಂದಿದ್ದರು. ಬೆನ್ನಿನ ಮೆತ್ತೆ ಎರಡು ಇಂಚು ದಪ್ಪವಾದರೆ ಚಾಲಕ ಎರಡು ಇಂಚು ಮುಂದಕ್ಕೆ ಬಂದಂತೆ. ಕೂರುವ ಮೆತ್ತೆ ದಪ್ಪವಾದರೆ ತೊಡೆ ಅಷ್ಟೇ ಸ್ಟಿಯರಿಂಗಿನ ಹತ್ತಿರಕ್ಕೆ ಏರಿದಂತೆ. ನೋಡುವವರಿಗೆ ಸೀಟು ಹೊಸದಾಗಿ, ತುಂಬಿಕೊಂಡು, ಬಹಳ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಯಾರೂ ಅದನ್ನು ಸಂಶಯಿಸುವುದಿಲ್ಲ. ಪದರಗಳನ್ನೆಲ್ಲ ತೆಗೆಸಿ, ತೆಳುವಾದ ಆದರೆ ಗಟ್ಟಿಯಾದ ಒಂದೇ ಫೋಮ್ ಹಾಕಿಸಿ, ಕೆಳಗಿನ ಪಟ್ಟಿಗಳನ್ನು ಬಿಗಿ ಮಾಡಿಸಿದೆವು. ಮೆತ್ತನೆಯ ದಪ್ಪ ಫೋಮಿಗಿಂತ ಗಟ್ಟಿಯಾದ ತೆಳು ಫೋಮ್ ನಮ್ಮ ತಿರುವಿನ ರಸ್ತೆಗಳಲ್ಲಿ ಬೆನ್ನಿಗೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅದೇ ಕಾರಿನ ಸೀಟು ತನ್ನ ರನ್ನರಿನಲ್ಲಿ, ಅಂದರೆ ಹಿಂದೆ ಮುಂದೆ ಸರಿಯುವ ಹಳಿಯಲ್ಲಿ, ಹಿಂದಿನ ಕೊನೆಯ ಕಚ್ಚಿನವರೆಗೆ ಹೋಗುತ್ತಲೇ ಇರಲಿಲ್ಲ. ತುಕ್ಕು ಮತ್ತು ಒಣಗಿದ ಗ್ರೀಸಿನ ನಡುವೆ ಕೆಲವು ಕಾಫಿ ಬೀಜಗಳೂ ಒಂದು ಹಳೆಯ ಐದು ಪೈಸೆಯ ನಾಣ್ಯವೂ ಸಿಕ್ಕಿಕೊಂಡಿದ್ದವು. ಸೀಟು ಅಲ್ಲಿಗೆ ಬಂದು ನಿಂತಾಗ ಅದೇ ಕೊನೆಯೆಂದು ಮನೆಯವರು ಇಷ್ಟು ವರ್ಷ ನಂಬಿದ್ದರು. ರನ್ನರನ್ನು ಸ್ವಚ್ಛಗೊಳಿಸಿ ಗ್ರೀಸ್ ಹಚ್ಚಿದ ಮೇಲೆ ಯಾವ ಖರ್ಚೂ ಇಲ್ಲದೆ ಒಂದೂವರೆ ಇಂಚು ಸಿಕ್ಕಿತು.

ಕಾಲಡಿಯ ಮ್ಯಾಟುಗಳ ವಿಷಯವೂ ಹೀಗೆಯೇ. ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾಗುತ್ತದೆಂದು ಅದರ ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ನಾರಿನ ಮ್ಯಾಟು ಹಾಕುತ್ತಾರೆ. ಹಿಮ್ಮಡಿ ಮೇಲೆ ಬಂದಷ್ಟೂ ಮೊಣಕಾಲು ಮೇಲೇರುತ್ತದೆ. ತೋಟದಿಂದ ನೇರವಾಗಿ ಗಂಬೂಟಿನಲ್ಲೇ ಬಂದು ಕಾರು ಹತ್ತುವವರಿಗಂತೂ ದಪ್ಪ ಅಟ್ಟೆಯ ಜೊತೆಗೆ ಅಗಲದ ತೊಂದರೆಯೂ ಇರುತ್ತದೆ, ಏಕೆಂದರೆ ಪೆಡಲುಗಳು ಒತ್ತೊತ್ತಾಗಿರುವ ಕಾರಿನಲ್ಲಿ ಬ್ರೇಕ್ ತುಳಿಯಲು ಹೋದ ಬೂಟು ಆಕ್ಸಿಲರೇಟರಿನ ಅಂಚನ್ನೂ ಒತ್ತಬಹುದು. ಅಂಥವರಿಗೆ ಬಾಗಿಲಿನ ಪಕ್ಕ ಒಂದು ಜೊತೆ ತೆಳು ಅಟ್ಟೆಯ ಬೂಟು ಇಟ್ಟುಕೊಳ್ಳಿ ಎಂದು ಹೇಳುತ್ತೇನೆ.

ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ಮಾತ್ರ ಸೀಟಿನ ಸ್ಥಾನ ಬದಲಿಸುವ ಮಾತು. ಅಳತೆ ತೆಗೆಯುವಾಗ ಮಾಲೀಕರನ್ನೇ ಕೂರಿಸಬೇಕು, ನಮ್ಮ ಹುಡುಗರನ್ನಲ್ಲ. ಬೆನ್ನು ಸೀಟಿಗೆ ಪೂರ್ತಿ ತಾಗಿರುವಾಗ ಕ್ಲಚ್ ಕೊನೆಯವರೆಗೆ ಹೋಗಬೇಕು, ಆಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ತೋಳು ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿಗೆ ತಾಗಬೇಕು. ಈ ಎರಡನೆಯದನ್ನು ಬಹಳಷ್ಟು ಜನ ಮರೆಯುತ್ತಾರೆ. ಫಿಯೆಟ್ಟಿನಂತೆ ಗೇರ್ ಕಡ್ಡಿ ಸ್ಟಿಯರಿಂಗ್ ಕಾಲಂನಲ್ಲೇ ಇರುವ ಕಾರಿನಲ್ಲಿ ಸೀಟನ್ನು ಮೂರು ನಾಲ್ಕು ಇಂಚು ಹಿಂದಕ್ಕೆ ಹಾಕಿದರೆ ಕಾಲಿಗೆ ಸುಖ ಸಿಕ್ಕಿ, ಪ್ರತಿ ಗೇರಿಗೂ ಬೆನ್ನು ಎತ್ತಿ ಮುಂದಕ್ಕೆ ಬಾಗುವ ಕಷ್ಟ ಶುರುವಾಗುತ್ತದೆ.

ನೆಲದ ತಗಡಿನಲ್ಲಿ ಹೊಸ ರಂಧ್ರ ಕೊರೆಯುವುದಕ್ಕಿಂತ ಹಳೆಯ ರಂಧ್ರಗಳಿಗೇ ಆರು ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಬೋಲ್ಟ್ ಮಾಡಿ, ಆ ಪಟ್ಟಿಯ ಮೇಲೆ ರನ್ನರನ್ನು ಎರಡು ಇಂಚು ಹಿಂದಕ್ಕೆ ಕೂರಿಸುವುದು ನನಗೆ ಇಷ್ಟವಾದ ವಿಧಾನ, ಏಕೆಂದರೆ ನಾಳೆ ಬೇಡವೆಂದರೆ ಅದನ್ನು ಬಿಚ್ಚಿ ಮೊದಲಿನಂತೆ ಮಾಡಬಹುದು. ಪಟ್ಟಿ ಹಳೆಯ ಬೋಲ್ಟಿನಿಂದ ಹಿಂದಕ್ಕೆ ಹೆಚ್ಚು ಚಾಚಿಕೊಂಡಷ್ಟೂ ಅದರ ಮೇಲೆ ಬೀಳುವ ಬಾಗುವ ಒತ್ತಡ ಹೆಚ್ಚುತ್ತದೆ, ಆದ್ದರಿಂದ ಎರಡು ಇಂಚಿಗಿಂತ ಮುಂದೆ ಹೋಗಬೇಕಾದರೆ ಹಿಂಬದಿಯಲ್ಲಿ ನೆಲಕ್ಕೆ ಇನ್ನೊಂದು ಆಧಾರ ಬೇಕೇ ಬೇಕು. ಆಗ ರಂಧ್ರ ಕೊರೆಯುವುದು ಅನಿವಾರ್ಯ. ಕೊರೆಯುವ ಮೊದಲು ಕಾರಿನ ಅಡಿಗೆ ಮಲಗಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರು ಎಲ್ಲೆಲ್ಲಿ ಹಾದುಹೋಗಿವೆ ಎಂದು ನೋಡಬೇಕು, ತಗಡನ್ನು ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ ಪರೀಕ್ಷಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರದ ನಮ್ಮ ಊರುಗಳಲ್ಲಿ ಕಾರ್ಪೆಟ್ಟಿನ ಕೆಳಗಿನ ತಗಡು ಮೇಲಿನಿಂದ ಬಣ್ಣ ಚೆನ್ನಾಗಿದ್ದು ಒಳಗೆ ಬಿಸ್ಕತ್ತಿನಂತೆ ಆಗಿರುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಅಂಥ ತಗಡಿಗೆ ಮೊದಲು ವೆಲ್ಡಿಂಗ್, ಆಮೇಲೆ ಸೀಟು. ಬೋಲ್ಟಿನ ಕೆಳಗೆ ಬರಿಯ ವಾಷರ್ ಸಾಲದು. ಅಂಗೈ ಅಗಲದ ಮೂರು ಮಿಲಿಮೀಟರ್ ಪ್ಲೇಟು ಬೇಕು, ಬೋಲ್ಟು 8.8 ದರ್ಜೆಯ ಗಟ್ಟಿ ಉಕ್ಕಿನದಾಗಿರಬೇಕು. ಕಾರು ಯಾವುದಕ್ಕಾದರೂ ಗುದ್ದಿದಾಗ ಸೀಟು ಮತ್ತು ಅದರಲ್ಲಿ ಕುಳಿತವರು ಮುಂದಕ್ಕೆ ನುಗ್ಗುವ ಬಲವನ್ನೆಲ್ಲ ಹೊರುವುದು ಈ ಜಾಗವೇ.

ಎರಡು ಬಾಗಿಲಿನ ಹೆರಾಲ್ಡಿನಲ್ಲಿ ಹಿಂದೆ ಕೂರುವವರು ಹತ್ತಲು ಮುಂದಿನ ಸೀಟು ಮುಂದಕ್ಕೆ ಮಗುಚಬೇಕು, ಹಾಗಾಗಿ ರನ್ನರ್ ಸರಿಸಿದ ಮೇಲೆ ಅದನ್ನೂ ಮಗುಚಿ ನೋಡಬೇಕು.

ಕೆಲವೊಮ್ಮೆ ಸೀಟನ್ನು ಹಿಂದಕ್ಕೆ ತಳ್ಳುವ ಬದಲು ಸ್ವಲ್ಪ ಓರೆ ಮಾಡಿದರೂ ಸಾಕಾಗುತ್ತದೆ. ಮುಂದಿನ ಬೋಲ್ಟುಗಳ ಕೆಳಗೆ ಅರ್ಧ ಇಂಚಿನ ತುಂಡು ಕೊಟ್ಟರೆ ಬೆನ್ನಿನ ಮೇಲ್ಭಾಗ ಸುಮಾರು ಮುಕ್ಕಾಲು ಇಂಚು ಹಿಂದಕ್ಕೆ ವಾಲುತ್ತದೆ, ತೊಡೆಗೆ ಆಧಾರವೂ ಸಿಗುತ್ತದೆ. ಆದರೆ ತೊಡೆ ಅಷ್ಟು ಮೇಲೇರುವುದರಿಂದ ಸ್ಟಿಯರಿಂಗಿಗೆ ಮೊದಲೇ ತಾಗುತ್ತಿದ್ದವರಿಗೆ ಇದು ಹೇಳಿದ್ದಲ್ಲ.

ಸ್ಟಿಯರಿಂಗಿನ ವಿಷಯದಲ್ಲಿ ಹೆರಾಲ್ಡ್ ಮಾಲೀಕರಿಗೆ ಒಂದು ಅದೃಷ್ಟವಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಅದರ ಕಾಲಂನ ಉದ್ದವನ್ನು ಕ್ಲಾಂಪ್ ಸಡಿಲಿಸಿ ಹೆಚ್ಚು ಕಡಿಮೆ ಮಾಡಬಹುದು. ಸೀಟು ಹಿಂದಕ್ಕೆ ಹೋದಷ್ಟು ಸ್ಟಿಯರಿಂಗನ್ನೂ ಚಾಲಕನ ಕಡೆಗೆ ಎಳೆದುಕೊಂಡರೆ ಕೈ ಕಾಲು ಎರಡಕ್ಕೂ ಸರಿಯಾಗುತ್ತದೆ. ಕ್ಲಾಂಪನ್ನು ಮತ್ತೆ ಬಿಗಿ ಮಾಡಿದ್ದೀರಾ ಎಂದು ಎರಡು ಬಾರಿ ನೋಡಿಕೊಳ್ಳಬೇಕಷ್ಟೆ. ಉಳಿದ ಕಾರುಗಳಲ್ಲಿ ಜನ ಕೇಳುವುದು ಚಿಕ್ಕ ಸ್ಟಿಯರಿಂಗ್ ಚಕ್ರ. ಹದಿನಾರು ಇಂಚಿನ ಬದಲು ಹದಿನಾಲ್ಕು ಇಂಚಿನ ಚಕ್ರ ಹಾಕಿದರೆ ತೊಡೆಗೆ ಒಂದು ಇಂಚು ಸಿಗುತ್ತದೆ, ಆದರೆ ತಿರುಗಿಸಲು ಬೇಕಾದ ಬಲ ಸುಮಾರು ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಅಂಬಾಸಿಡರನ್ನು ಸಂಪಾಜೆ ಘಾಟಿಯ ತಿರುವುಗಳಲ್ಲಿ ಓಡಿಸಿ ನೋಡಿದವರಿಗೆ ಆ ಲೆಕ್ಕ ತೋಳಿನಲ್ಲೇ ತಿಳಿಯುತ್ತದೆ.

ಪೆಡಲುಗಳನ್ನು ಮಾತ್ರ ನಾನು ಮುಟ್ಟುವುದಿಲ್ಲ. ಬ್ರೇಕ್ ಪೆಡಲಿನ ತೋಳನ್ನು ಕಾಯಿಸಿ ಬಗ್ಗಿಸಿ ಎಂದೋ, ಕತ್ತರಿಸಿ ಬೆಸುಗೆ ಹಾಕಿ ಎಂದೋ ಕೇಳುವವರಿದ್ದಾರೆ. ಆ ತೋಳಿನ ಉದ್ದವೇ ಪಾದದ ಬಲವನ್ನು ಬ್ರೇಕ್ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿಗೆ ಎಷ್ಟು ಪಟ್ಟು ಹೆಚ್ಚಿಸಿ ಕೊಡಬೇಕೆಂದು ನಿರ್ಧರಿಸುತ್ತದೆ. ಇನ್ನು ಪೆಡಲಿನಿಂದ ಆ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುವ ಕಡ್ಡಿಯಾದ ಪುಶ್‌ರಾಡನ್ನು ಹೊಂದಿಸಿ ಪೆಡಲಿನ ಎತ್ತರ ಬದಲಿಸುವುದು ಸುಲಭವಾಗಿ ಕಂಡರೂ, ಅದಕ್ಕೂ ಪಿಸ್ಟನ್ನಿಗೂ ನಡುವಿನ ಸಣ್ಣ ಸಡಿಲ ಹೋದರೆ ಬ್ರೇಕ್ ಆಯಿಲ್ ಹಿಂದಿರುಗುವ ರಂಧ್ರ ಮುಚ್ಚಿಕೊಂಡು ಬ್ರೇಕ್ ಪೂರ್ತಿ ಬಿಡುವುದಿಲ್ಲ. ಡ್ರಮ್ಮುಗಳು ಕಾಯುತ್ತವೆ, ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುವುದು ಕಡಿಮೆಯಾಗುತ್ತಾ ಬರುತ್ತದೆ. ಪೆಡಲಿನ ಮೇಲಿನ ರಬ್ಬರ್ ಎರಡು ಪದರವಾಗಿದ್ದರೆ ಒಂದನ್ನು ತೆಗೆಯುತ್ತೇನೆ, ಅಲ್ಲಿಗೆ ಮುಗಿಯಿತು.

ಹೀಗೆ ಬಿಚ್ಚಿ ಹಿಂದಿರುಗಿಸಬಹುದಾದ ಕೆಲಸವನ್ನೇ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನೆಲದ ಅಡ್ಡಪಟ್ಟಿಯನ್ನೇ ಕತ್ತರಿಸಿ ಸೀಟು ಇಳಿಸಿದ ಕಾರಿನ ಮಾಲೀಕರು ಮುಂದೆ ಮಡಿಕೇರಿಯ ಆರ್‌ಟಿಓ ಕಚೇರಿಯಲ್ಲಿ ಏನು ಉತ್ತರ ಕೊಡಬೇಕೆಂದು ಮೊದಲೇ ಯೋಚಿಸುವುದು ಒಳ್ಳೆಯದು. ಬಿಚ್ಚಿದ ಹಳೆಯ ಬೋಲ್ಟು, ಸ್ಪ್ರಿಂಗುಗಳನ್ನು ಕೂಡ ಡಬ್ಬಿಯಲ್ಲಿ ಹಾಕಿ, ಮೇಲೆ ಕಾರಿನ ನಂಬರ್ ಬರೆದು ಮಾಲೀಕರಿಗೇ ಕೊಟ್ಟು ಕಳುಹಿಸುತ್ತೇವೆ.

ಇವೆಲ್ಲಕ್ಕಿಂತ ಕಷ್ಟದ ಕೆಲಸ ಅಂಬಾಸಿಡರಿನದು, ಅದೂ ಯಾಂತ್ರಿಕ ಕಾರಣಕ್ಕಲ್ಲ. ಅದರ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು, ಹಿಂದಕ್ಕೆ ಸರಿಸಿದರೆ ಇಡೀ ಸೀಟು ಸರಿಯುತ್ತದೆ. ಎತ್ತರದ ಯಜಮಾನರು ಆರಾಮವಾಗಿ ಕುಳಿತ ದಿನವೇ ಪಕ್ಕದಲ್ಲಿ ಕೂರುವ ಅವರ ಮನೆಯವರಿಗೆ ಕಾಲೂರಲು ನೆಲ ಸಿಗುವುದಿಲ್ಲ. ಒಂದು ಕಾರಿಗೆ ಅವರ ಕಡೆಯ ಬೆನ್ನಿಗೆ ಮಾತ್ರ ಬೇರೆಯಾಗಿ ತೆಗೆದಿಡಬಹುದಾದ ದಪ್ಪ ಮೆತ್ತೆಯನ್ನು ಅದೇ ಬಣ್ಣದ ರೆಕ್ಸಿನ್‌ನಲ್ಲಿ ಹೊಲಿಸಿ, ಕಾಲ ಕೆಳಗೆ ಓರೆಯಾದ ಮರದ ಹಲಗೆಯೊಂದನ್ನು ಕೂರಿಸಿಕೊಟ್ಟೆವು. ಚಾಲಕನ ಕಡೆಯಿಂದ ತೆಗೆದಿದ್ದ ಫೋಮೇ ಆ ಮೆತ್ತೆಗೆ ಸಾಕಾಯಿತು.